ಪಾದದ ಜಾಗ



ದೇಹದ ಭಾಗಗಳನ್ನು ಒಂದೊಂದಾಗಿ ಹೆಸರಿಟ್ಟು ನೋಡುವ ಧ್ಯಾನ ನಮ್ಮಲ್ಲಿದೆ. ಸತಿಪಟ್ಠಾನ ಸುತ್ತದಲ್ಲಿ ಎಣಿಸಿದ್ದು 31. ಖುದ್ದಕಪಾಠದಲ್ಲಿ ಇನ್ನೊಂದು ಸೇರಿ 32. ಆ ಕೊನೆಯದು ಮತ್ಥಲುಂಗ, ಅಂದರೆ ಮಿದುಳು. ವರ್ಷಗಟ್ಟಲೆ ಬಾಯಲ್ಲಿ ಹೇಳಿದ್ದೇ ಹೊರತು ಅದೇನೆಂದು ನಾನು ನೋಡಿರಲಿಲ್ಲ. ಅವ್ವನಿಗೆ ಲಕ್ವ ಹೊಡೆದ ಮೇಲೆ ನೋಡಬೇಕಾಯಿತು.

ಅವ್ವ ತಿ. ನರಸೀಪುರದ ಗದ್ದೆಗಳಲ್ಲಿ ನಾಟಿ ಹಾಕಿ ನಮ್ಮನ್ನು ಸಾಕಿದವಳು. ಕೆಸರಲ್ಲೇ ಸವೆದ ಎಡಗಾಲು ಒಂದು ಬೆಳಿಗ್ಗೆ ಮೇಲೇಳಲಿಲ್ಲ. ನೆಂಟರು ಹಿಂದಿನ ಜನ್ಮದ ಕರ್ಮ ಅಂದರು. ಒಬ್ಬರು ನಂಜನಗೂಡಿನಲ್ಲಿ ಉರುಳುಸೇವೆ ಹೊತ್ತುಕೊಳ್ಳಿ ಅಂದರು, ಇನ್ನೊಬ್ಬರು ತಿರುಮಕೂಡಲು ಸಂಗಮದಲ್ಲಿ ಮುಳುಗಿಸಿ ಅಂದರು. 22 ಪ್ರತಿಜ್ಞೆ ಸ್ವೀಕರಿಸಿದ ಮನೆಯಲ್ಲಿ! ಅವರನ್ನು ಬೈಯಲಾರೆ. ಒಂದು ರಾತ್ರಿ ನಾನೂ ಅಲುಗಾಡಿದ್ದೆ.

ನಂಜನಗೂಡಿನ ಕೆಲಸ ಮುಗಿಸಿ ಊರಿನ ಬಸ್ಸಿನಲ್ಲಿ ಕೂತಾಗ ಮೊಬೈಲಿನಲ್ಲಿ ಪಾಠ ಕೇಳತೊಡಗಿದೆ. ಸರ್ಕಾರದ ಸ್ವಯಂನಲ್ಲಿ ಕಲಿಯಲು ದುಡ್ಡಿಲ್ಲ, ಪರೀಕ್ಷೆ ಬರೆದು ಸರ್ಟಿಫಿಕೇಟ್ ಬೇಕೆಂದರೆ ಮಾತ್ರ ಶುಲ್ಕ. ಐಐಟಿ ಮದ್ರಾಸಿನವರ ಚಲನೆಯ ನರವಿಜ್ಞಾನದ ಪಾಠವೂ ಸಿಕ್ಕಿತು. ಎಲ್ಲ ಇಂಗ್ಲಿಷ್. ಒಂದೊಂದು ವಿಡಿಯೋ ಮೂರು ಮೂರು ಸಲ ನಿಲ್ಲಿಸಬೇಕು.

ಎಡಗಾಲನ್ನು ಆಡಿಸುವುದು ಮಿದುಳಿನ ಬಲಭಾಗ. ಅಲ್ಲಿಗೆ ರಕ್ತ ಒಯ್ಯುವ ನಾಳ ಕಟ್ಟಿಕೊಂಡಿತ್ತು. ಅವ್ವ ತಿಂಗಳುಗಳಿಂದ ಬಿಪಿ ಗುಳಿಗೆ ಬಿಟ್ಟಿದ್ದಳು, ನಾನು ಕೇಳಿರಲಿಲ್ಲ. ಪಟಿಚ್ಚಸಮುಪ್ಪಾದ ಎಂಬ ಮಾತು ಆ ಬಸ್ಸಿನಲ್ಲಿ ನನಗೆ ಚುಚ್ಚಿತು.

ಆಮೇಲೆ ಒಂದು ನಕ್ಷೆ ಬಂತು. ಕೆನಡಾದ ಪೆನ್‌ಫೀಲ್ಡ್ ಮತ್ತು ಬೋಲ್ಡ್ರಿ 1937ರಲ್ಲಿ ಪ್ರಕಟಿಸಿದ್ದು. ಎಚ್ಚರವಿದ್ದ ರೋಗಿಗಳ ಮಿದುಳಿಗೆ ಸಣ್ಣಗೆ ವಿದ್ಯುತ್ ಮುಟ್ಟಿಸಿ, ಯಾವ ಅಂಗದ ಜಾಗ ಎಲ್ಲಿ ಎಂದು ಗುರುತಿಸಿದರು. ಕೈಗೆ, ಬಾಯಿಗೆ ದೊಡ್ಡ ಜಾಗ. ಮುಖ ಕಿವಿಯ ಹತ್ತಿರ ಕೆಳಗೆ. ಪಾದ ಎಲ್ಲಿದೆ ಗೊತ್ತೇ? ನೆತ್ತಿಯಲ್ಲಿ, ಎರಡು ಹೋಳು ಸೇರುವ ಸೀಳಿನೊಳಗೆ.

ಬಾಯಿಂದ ಹುಟ್ಟಿದವರು, ಪಾದದಿಂದ ಹುಟ್ಟಿದವರು ಎಂಬ ಪುರುಷಸೂಕ್ತದ ಲೆಕ್ಕದಲ್ಲಿ ನಮ್ಮವರಿಗೆ ಪಾದವೂ ಸಿಗಲಿಲ್ಲ. ಬಾಬಾಸಾಹೇಬರು 1946ರಲ್ಲಿ 'ಶೂದ್ರರು ಯಾರು?' ಗ್ರಂಥ ಶುರುಮಾಡಿದ್ದೇ ಆ ಸೂಕ್ತದ ವಿಚಾರಣೆಯಿಂದ. ನಾನು ಬಸ್ಸಿಳಿಯುವುದನ್ನೂ ಮರೆತು ಮುಂದಿನ ಸ್ಟಾಪಿಗೆ ಹೋದೆ.

ಮನೆಗೆ ಬಂದು ಅವ್ವನ ನೆತ್ತಿಯ ಬಲಕ್ಕೆ ಬೆರಳಿಟ್ಟು, "ನಿನ್ನ ಕಾಲು ಇಲ್ಲಿದೆ ಕಣವ್ವ" ಅಂದೆ. ನಕ್ಕಳು. ಫಿಸಿಯೋಥೆರಪಿಯವರು ದಿನಾ ಕಾಲು ಎತ್ತಿಸಲು ಹೇಳಿದ್ದಾರೆ. ಈಗ ಅವಳು ಮೊದಲು ನೆತ್ತಿ ಮುಟ್ಟಿಕೊಂಡು ಆಮೇಲೆ ಎಣಿಸುತ್ತಾಳೆ. ನಿನ್ನೆ ಹೆಬ್ಬೆರಳು ಅಲುಗಿತು.

ಸಾಧು, ಸಾಧು, ಸಾಧು.