ಕಾಯಕ ನಿಂತಾಗ ದಾಸೋಹದ ಹೊಣೆ

ಶರಣಧರ್ಮದಲ್ಲಿ ಕಾಯಕವೆಂದರೆ ಬರಿಯ ಹೊಟ್ಟೆಪಾಡಿನ ಕಸುಬಲ್ಲ, ಸತ್ಯಶುದ್ಧವಾಗಿ ದುಡಿಯುವ ಸಾಧನೆ; ಆ ದುಡಿಮೆಯ ಫಲವನ್ನು ತಾನು ಕೊಟ್ಟೆನೆಂಬ ಅಹಂಕಾರವಿಲ್ಲದೆ ಸಮಾಜಕ್ಕೆ ಸಲ್ಲಿಸುವುದು ದಾಸೋಹ, ದಾನಕ್ಕಿಂತ ಅದು ಬೇರೆಯಾಗುವುದೂ ಇಲ್ಲಿಯೇ. ಈ ತತ್ತ್ವ ಸೋಮಾರಿಯನ್ನು ಎಚ್ಚರಿಸುತ್ತದೆ, ನಿಜ. ಆದರೆ ದುಡಿಯುವ ಮನಸ್ಸೂ ಕಸುವೂ ಇದ್ದು, ಮನೆಯಿಂದ ಹೊರಗೆ ಬರಬಾರದೆಂಬ ಆಜ್ಞೆಗೆ ಒಳಗಾದವರ ವಿಷಯದಲ್ಲಿ ಅದು ಏನು ಹೇಳುತ್ತದೆ ಎಂಬ ಪ್ರಶ್ನೆಯನ್ನು ಕೊರೊನಾ ಸೋಂಕು ತಡೆಯಲು ವಿಧಿಸಿದ 2020ರ ಲಾಕ್‌ಡೌನ್ ಮುಂದಿಟ್ಟಿತು.

ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳಲ್ಲಿ ಮಳೆ ಕೈಕೊಟ್ಟ ವರ್ಷ ಅನೇಕ ಸಂಸಾರಗಳು ನಡೆಯುವುದು ಕೂಲಿ, ಬೀದಿ ವ್ಯಾಪಾರ ಮತ್ತು ಬೆಂಗಳೂರಿನ ಗಾರೆ ಕೆಲಸಗಳಿಂದ. ಹೀಗೆ ತಿಂಗಳ ಸಂಬಳ, ರಜೆ, ಭವಿಷ್ಯನಿಧಿಗಳ ಆಸರೆಯಿಲ್ಲದೆ ಅಂದು ದುಡಿದು ಅಂದು ಉಣ್ಣುವವರೇ ಅಸಂಘಟಿತ ಕಾರ್ಮಿಕರು. ಮಾರ್ಚ್ 25ರಿಂದ ನಗರದ ಕೆಲಸ ನಿಂತು ಜನ ಊರಿಗೆ ಮರಳಿದಾಗ, ಮನೆಗೆ ಬರುವ ಹಣ ನಿಂತದ್ದಲ್ಲದೆ ಉಣ್ಣುವ ಬಾಯಿಗಳೂ ಹೆಚ್ಚಿದವು. ಮುಜರಾಯಿ ದೇವಾಲಯಗಳ ಬಾಗಿಲು ಜೂನ್ 8ರವರೆಗೆ ಭಕ್ತರಿಗೆ ತೆರೆಯದ ಕಾರಣ, ಗುಡಿಯ ಮುಂದೆ ಹೂವು ಕಟ್ಟಿ, ತೆಂಗಿನಕಾಯಿ ಮಾರಿ ಬದುಕುವವರಿಗೆ ಬೋಣಿಯೇ ಇಲ್ಲವಾಯಿತು. ಇಂಥ ಮನೆಯಲ್ಲಿ ಪಡಿತರದ ಅಕ್ಕಿಯೂ ಹಿಂದಿನ ಸುಗ್ಗಿಯ ರಾಗಿಯೂ ಇದ್ದರೂ ಬೇಳೆ, ಎಣ್ಣೆ, ಹಾಲಿಗೆ ಕೈಯಲ್ಲಿ ಕಾಸು ಬೇಕು. ಅದಿಲ್ಲದಾಗ ಮೊದಲು ಹಾಲು ನಿಲ್ಲುತ್ತದೆ, ಆಮೇಲೆ ಮುದ್ದೆಯ ಸಾರು ತೆಳುವಾಗುತ್ತದೆ, ಕೊನೆಗೆ ಎಲ್ಲರಿಗೂ ಬಡಿಸಿ ಉಳಿದದ್ದನ್ನು ಉಣ್ಣುವ ಹೆಂಗಸಿನ ಪಾಲು ಕುಗ್ಗುತ್ತದೆ. ಕುಗ್ಗದೆ ಉಳಿಯುವುದು ಸಾಲ ಮಾತ್ರ. ಕಂತುಗಳನ್ನು ಆಗಸ್ಟ್‌ವರೆಗೆ ಮುಂದೂಡಲು ರಿಸರ್ವ್ ಬ್ಯಾಂಕ್ ಅವಕಾಶ ಕೊಟ್ಟಿತಾದರೂ, ಆ ತಿಂಗಳುಗಳ ಬಡ್ಡಿ ಬೆಳೆಯುತ್ತಲೇ ಇತ್ತು.

ಸರ್ಕಾರ ಸುಮ್ಮನಿರಲಿಲ್ಲ. ಕೇಂದ್ರವು ಪಡಿತರ ಚೀಟಿಯಲ್ಲಿರುವ ಪ್ರತಿಯೊಬ್ಬರಿಗೂ ತಿಂಗಳಿಗೆ 5 ಕಿಲೋ ಧಾನ್ಯವನ್ನು ಉಚಿತವಾಗಿ ಕೊಟ್ಟಿತು. ಮೇ 6ರಂದು ರಾಜ್ಯವು 1,610 ಕೋಟಿ ರೂಪಾಯಿಗಳ ಪರಿಹಾರ ಪ್ರಕಟಿಸಿ, ಕ್ಷೌರಿಕರು, ಮಡಿವಾಳರು, ಆಟೊ ಮತ್ತು ಟ್ಯಾಕ್ಸಿ ಚಾಲಕರಿಗೆ ತಲಾ 5,000 ರೂಪಾಯಿ ಘೋಷಿಸಿತು. ಬೀದಿ ವ್ಯಾಪಾರಿಗಳಿಗೆ ಕೇಂದ್ರದಿಂದ ಬಂದದ್ದು 10,000 ರೂಪಾಯಿವರೆಗಿನ ಸಾಲ, ಅಂದರೆ ನಿಂತುಹೋದ ಕಾಯಕದ ನಷ್ಟವನ್ನು ಮುಂದಿನ ಕಾಯಕದಿಂದ ಅವರೇ ತೀರಿಸಬೇಕಾದ ಏರ್ಪಾಡು.

ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯುವುದನ್ನೇ ಕಾಯಕ ಮಾಡಿಕೊಂಡಿದ್ದ ಶರಣ ಆಯ್ದಕ್ಕಿ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಿನದನ್ನು ಹಿಂದಿರುಗಿಸುವಂತೆ ಅವನ ಹೆಂಡತಿ ಲಕ್ಕಮ್ಮ ಹೇಳಿದಳೆಂಬ ಕಥೆಯನ್ನು ಬಡವರಿಗೆ ತೃಪ್ತಿಯ ಪಾಠವಾಗಿ ಓದುವುದು ವಾಡಿಕೆ. ಆದರೆ ಆಕೆಯ ನಿರಾಕರಣೆಗೆ ಬಲ ಬಂದದ್ದು ಮರುದಿನವೂ ಅಂಗಳದಲ್ಲಿ ಅಕ್ಕಿ ಸಿಗುತ್ತದೆ, ಕಾಯಕ ಕೈತಪ್ಪುವುದಿಲ್ಲ ಎಂಬ ಭರವಸೆಯಿಂದ. ಆ ಭರವಸೆಯನ್ನು ಕಿತ್ತುಕೊಂಡ ಸಮಾಜಕ್ಕೆ ತೃಪ್ತಿಯನ್ನು ಬೋಧಿಸುವ ಅಧಿಕಾರವಿಲ್ಲ. ಕೂಲಿಯವರು ಮನೆಯಲ್ಲಿ ಉಳಿದದ್ದು ತಮ್ಮ ಜೀವಕ್ಕಾಗಿ ಮಾತ್ರವಲ್ಲ, ಸಂಬಳ ನಿಲ್ಲದವರ ಜೀವಕ್ಕಾಗಿಯೂ ಹೌದು. ಆದ್ದರಿಂದ ಅವರು ಕಳೆದುಕೊಂಡ ದಿನಗೂಲಿ ಎಲ್ಲರ ಪರವಾಗಿ ಅವರು ತೆತ್ತ ಬೆಲೆ. ಅದನ್ನು ಮರಳಿ ಕೊಡುವುದು ಉಪಕಾರವಲ್ಲ, ಋಣ ತೀರಿಸುವುದು. ದಿನಸಿ ಕಿಟ್ ಹಂಚಿ, ಪಡೆದವರ ಫೋಟೊ ತೆಗೆಯುವಲ್ಲಿ ದಾನವಿರಬಹುದು, ದಾಸೋಹವಿಲ್ಲ. ಎಲ್ಲರೂ ದುಡಿಯಬೇಕೆಂದು ವಿಧಿಸುವ ಧರ್ಮವು, ಎಲ್ಲರ ಒಳಿತಿಗಾಗಿ ದುಡಿಮೆ ಬಿಟ್ಟವರ ಅನ್ನ ಮತ್ತು ಮಾನ ಎರಡನ್ನೂ ಕಾಯಲೇಬೇಕು.