ತುಕ್ಕಿನ ಮೇಲೆ ಬಣ್ಣ

ಯೆಹೆಜ್ಕೇಲ 13ನೇ ಅಧ್ಯಾಯ ತೆಗೆಯಿರಿ. ಗಟ್ಟಿಯಿಲ್ಲದ ಗೋಡೆಗೆ ಸುಣ್ಣ ಬಳಿದವರನ್ನು ದೇವರು ಅಲ್ಲಿ ಗದರಿಸುತ್ತಾನೆ.

ಅಂಥವನು ನಾನೇ. ಸೇವೆಗೆ ಬರೋ ಮುಂಚೆ ಇದೇ ಹೂಡಿಯಲ್ಲಿ ವೆಲ್ಡಿಂಗ್ ಮಾಡ್ತಿದ್ದೆ. ಒಬ್ಬ ಅಣ್ಣ ತಮ್ಮ ತಂದೆಯ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರು ತಂದ್ರು. ಮದ್ರಾಸಿನಲ್ಲಿ ತಯಾರಾದದ್ದು, 1962ರಲ್ಲಿ ಬಂದ ಟ್ರಯಂಫ್ ಸ್ಪಿಟ್‌ಫೈರ್ ಸ್ಪೋರ್ಟ್ಸ್ ಕಾರೂ ಅದೇ ಮನೆತನದ್ದು. ಹಿಂದಿನ ಸಸ್ಪೆನ್ಶನ್ ಮೌಂಟ್ ತುಕ್ಕು ತಿಂದು ಮುರಿದಿತ್ತು. ನಾನು ತುಕ್ಕಿನ ಮೇಲೇ ತಗಡಿಟ್ಟು ವೆಲ್ಡ್ ಮಾಡಿ, ಕಪ್ಪು ಬಣ್ಣ ಬಳಿದು, ಪೂರ್ತಿ ದುಡ್ಡು ತಗೊಂಡೆ.

ರಾತ್ರಿ ನಿದ್ದೆ ಇಲ್ಲ. ಆ ಕಾರಲ್ಲಿ ಅವರ ಮಕ್ಕಳು ಕೂತ್ಕೋತಾರಲ್ಲ! ಪವಿತ್ರಾತ್ಮನು ಚುಚ್ಚಿದನು. ಬೆಳಿಗ್ಗೆ ಹೋಗಿ ಒಪ್ಪಿಕೊಂಡೆ. ಅಣ್ಣ ಬೈದ್ರು, ಆದರೂ ಕೀ ಕೊಟ್ಟರು. ಚಾಸಿಸ್‌ಗೆ ಸ್ಟ್ಯಾಂಡ್ ಕೊಟ್ಟು, ಕೊಳೆತ ಭಾಗ ಕತ್ತರಿಸಿ, ಹೊಳೆಯೋ ಕಬ್ಬಿಣ ಕಾಣೋವರೆಗೆ ಗ್ರೈಂಡರ್ ಹಿಡಿದೆ. ಆಮೇಲೆ ಹೊಸ ಪ್ಲೇಟ್ ಕೂರಿಸಿ ವೆಲ್ಡ್ ಮಾಡಿದೆ. ತುಕ್ಕಿಗೆ ವೆಲ್ಡ್ ಹಿಡಿಯಲ್ಲ, ಪ್ರಿಯರೇ.

ಹೆಂಡತಿಗೆ ಹೇಳದ ಸಾಲ, ತಮ್ಮನ ಮೇಲಿನ ದ್ವೇಷ ಒಳಗಿಟ್ಟುಕೊಂಡು ಭಾನುವಾರ ಬಿಳಿ ಬಟ್ಟೆ ಹಾಕಿದರೆ ಅದೂ ಬಣ್ಣವೇ. ಕರ್ತನು ಕತ್ತರಿಸುವಾಗ ನೋಯುತ್ತೆ. ಬಿಸಾಡೋದಕ್ಕಲ್ಲ, ಹೊಸದು ಕೂರಿಸೋದಕ್ಕೆ. ಇವತ್ತೇ ಅರಿಕೆಮಾಡಿ. ಎದ್ದು ನಿಂತು ಪ್ರಾರ್ಥಿಸೋಣ. ಆಮೆನ್.