ಬಾವಿಗೆ ಇಳಿದ ಹಳೇ ಬಟ್ಟೆ



ಯೆರೆಮೀಯನ ಗ್ರಂಥದ 38ನೆಯ ಅಧ್ಯಾಯವನ್ನು ಈ ದಿನ ನಿಮ್ಮ ಮುಂದಿಡುತ್ತೇನೆ. ಪ್ರವಾದಿಯ ಮಾತು ಸಹಿಸಲಾರದ ಅಧಿಪತಿಗಳು ಅವನನ್ನು ಹಗ್ಗದಿಂದ ಬಾವಿಗೆ ಇಳಿಸಿದ್ದಾರೆ. ಬಾವಿಯಲ್ಲಿ ನೀರಿಲ್ಲ, ಬರೀ ಕೆಸರು. ಆ ಕೆಸರಿನಲ್ಲಿ ಅವನು ಹೂತುಹೋಗುತ್ತಿದ್ದಾನೆ. ಬಾವಿಗೆ ನೂಕಿದವರಿಗೆ ಗೊತ್ತು, ಅರಮನೆಗೆ ಗೊತ್ತು, ಅರಸನಾದ ಚಿದ್ಕೀಯನಿಗಂತೂ ಚೆನ್ನಾಗಿ ಗೊತ್ತು. ಯಾರೂ ಏಳಲಿಲ್ಲ. ಎದ್ದವನು ಒಬ್ಬನೇ: ಕೂಷ್ ದೇಶದ ಎಬೆದ್ಮೆಲೆಕ. ಅರಮನೆಯ ಕಂಚುಕಿ, ಎಂದರೆ ನಪುಂಸಕ ಸೇವಕ. ಪರದೇಶದವನು, ಮಕ್ಕಳಿಲ್ಲದವನು, ಧರ್ಮೋಪದೇಶಕಾಂಡದ 23ನೆಯ ಅಧ್ಯಾಯವನ್ನು ಓದಿದರೆ ಕರ್ತನ ಸಭೆಗೆ ಸೇರಬಾರದವನು. ಅವನು ಊರಬಾಗಿಲಲ್ಲಿ ಕುಳಿತಿದ್ದ ಅರಸನ ಬಳಿಗೆ ನೇರವಾಗಿ ನಡೆದು, ಇದು ಅನ್ಯಾಯ ಎಂದು ಹೇಳಿದ. ಅಪ್ಪಣೆ ಪಡೆದ, ಆಳುಗಳನ್ನು ಪಡೆದ. ಆದರೆ ಪ್ರಿಯರೇ, ಅವನು ತಕ್ಷಣ ಬಾವಿಯ ಬಳಿಗೆ ಓಡಲಿಲ್ಲ. ಬೊಕ್ಕಸದ ಕೆಳಗಿನ ಕೋಣೆಗೆ ಹೋದ. ಅಲ್ಲಿ ಬಿದ್ದಿದ್ದ ಹಳೇ ಬಟ್ಟೆ, ಹರಿದ ಚಿಂದಿಗಳನ್ನು ಆರಿಸಿಕೊಂಡ. ಹಗ್ಗದ ಜೊತೆ ಅವನ್ನೂ ಕೆಳಗೆ ಬಿಟ್ಟು, ಇವನ್ನು ನಿನ್ನ ಕಂಕುಳಿಗೂ ಹಗ್ಗಕ್ಕೂ ನಡುವೆ ಇಟ್ಟುಕೋ ಎಂದು ಹೇಳಿದ. ಆಮೇಲೆ ಮೇಲಕ್ಕೆಳೆದ. ಹಸಿವಿನಿಂದ ಬಡವಾದ ಮೈಗೆ ಹಗ್ಗ ಕೊಯ್ಯಬಾರದೆಂಬ ಯೋಚನೆ ಅವನಿಗೆ ಹೊಳೆಯಿತು. ಹಗ್ಗದ ಉರಿ ಅವನ ಮೈಗೆ ಗೊತ್ತಿದ್ದಿರಬೇಕು.

ಈ ಬಾವಿ ಯೆರೂಸಲೇಮಿನಲ್ಲಿ ಮಾತ್ರ ಇರಲಿಲ್ಲ. ನಮ್ಮ ಮೈಸೂರಿನ ದಟ್ಟಗಳ್ಳಿಯಲ್ಲಿ, ಈ ಒಳ್ಳೊಳ್ಳೆಯ ಬಡಾವಣೆಗಳಲ್ಲಿ, ತುಳಸಿಕಟ್ಟೆಯಿರುವ ಮನೆಗಳಲ್ಲೂ ಗೋಡೆಗೆ ಶಿಲುಬೆ ತೂಗಿರುವ ಮನೆಗಳಲ್ಲೂ ಅದು ಇದೆ. ಊರೆಲ್ಲ ಗಂಡು ಎಂದು ಕರೆಯುವ, ಒಳಗಿನಿಂದ ತಾನು ಹೆಣ್ಣೆಂದು ಬಲ್ಲ ಒಂದು ಮಗುವನ್ನು ನೆನೆಯಿರಿ. ಇಲ್ಲವೇ ಹೆಣ್ಣೆಂದು ಬೆಳೆಸಿದರೂ ಗಂಡಾಗಿಯೇ ಉಸಿರಾಡುವ ಮಗುವನ್ನು ನೆನೆಯಿರಿ. ಶಾಲೆಯಲ್ಲಿ ಹಾಜರಿ ಕರೆದಾಗ ಬೇರೆ ಯಾರದೋ ಹೆಸರಿಗೆ ಓಗೊಟ್ಟಂತೆ ಅದು ಓಗೊಡುತ್ತದೆ. ಸಿಟಿ ಬಸ್ಸು ಹತ್ತಿದರೆ ಯಾವ ಸೀಟಿನ ಕಡೆ ನಡೆಯಬೇಕೆಂಬುದೇ ಒಂದು ಪರೀಕ್ಷೆ. ನಡಿಗೆಗೆ ನಗು, ದನಿಗೆ ಅಣಕ, ಮನೆಯಲ್ಲಿ ಬೆಲ್ಟಿನ ಏಟು. ರಾತ್ರಿ ಎಲ್ಲರೂ ಮಲಗಿದ ಮೇಲೆ ಹೊದಿಕೆಯೊಳಗೆ ಮೊಬೈಲಿನ ಬೆಳಕು ತಗ್ಗಿಸಿಕೊಂಡು, ನನ್ನಂಥವರು ಲೋಕದಲ್ಲಿ ಬೇರೆ ಯಾರಾದರೂ ಇದ್ದಾರೆಯೇ ಎಂದು ಆ ಮಗು ಹುಡುಕುತ್ತದೆ. ಎಲ್ಲೋ ಬಳ್ಳಾರಿಯಿಂದಲೋ ಬೆಂಗಳೂರಿನಿಂದಲೋ ಒಂದು ದನಿ ಬರುತ್ತದೆ: ಊಟ ಆಯ್ತಾ ಮಗಳೇ? ಅಷ್ಟೇ ಮಾತು. ತಾನು ಬಲ್ಲ ಗುರುತಿನಿಂದ ಮೊದಲ ಸಲ ಯಾರೋ ಕರೆಯುತ್ತಾರೆ. 2011ರ ಜನಗಣತಿಯಲ್ಲಿ ಗಂಡೂ ಅಲ್ಲ, ಹೆಣ್ಣೂ ಅಲ್ಲ, ಇತರೆ ಎಂದು ಬರೆಸಿಕೊಂಡವರು ನಮ್ಮ ಕರ್ನಾಟಕದಲ್ಲಿ 20,266 ಮಂದಿ. ಬರೆಸಿಕೊಳ್ಳುವ ಧೈರ್ಯವಿದ್ದವರ ಲೆಕ್ಕ ಅದು.

ಬಳ್ಳಾರಿ ಜಿಲ್ಲೆಯ ಕಲ್ಲುಕಂಬದಲ್ಲಿ ಮಂಜುನಾಥನೆಂಬ ಹುಡುಗನಿದ್ದ. ಈಗ ಇಡೀ ನಾಡು ಬಲ್ಲ ಮಂಜಮ್ಮ ಜೋಗತಿಯವರು. ಹದಿಹರೆಯದಲ್ಲಿ ಅವರ ಮೈಮನಸ್ಸು ಹೆಣ್ಣಿನ ಕಡೆ ವಾಲಿದಾಗ ಮನೆಯವರು ಹುಲಿಗಿಗೆ, ಹುಲಿಗೆಮ್ಮ ದೇವಿಯ ಸನ್ನಿಧಿಗೆ ಕರೆದೊಯ್ದು, ದೇವಿಗೆ ಮುಡಿಪಾಗಿಸಿ ಮುತ್ತು ಕಟ್ಟಿಸಿದರು. ಉಡಿದಾರ ಹರಿಯಿತು, ಕೈಗೆ ಬಳೆ ಬಂತು. ಆಮೇಲೆ ಮನೆಯಲ್ಲಿ ಜಾಗ ಉಳಿಯಲಿಲ್ಲ. ವಿಷ ಕುಡಿದರು, ಬದುಕಿದರು. ಸೀರೆಯುಟ್ಟು ಭಿಕ್ಷೆ ಬೇಡಿದರು. ದಾರಿಯಲ್ಲಿ ಕೆಟ್ಟವರ ಕೈಗೆ ಸಿಕ್ಕಿ ನಲುಗಿದರು. ಅಂಥ ಬಾವಿಯಿಂದ ಅವರನ್ನು ಎತ್ತಿದ್ದು ಯಾವ ಸಭೆಯೂ ಅಲ್ಲ, ಯಾವ ಮಠವೂ ಅಲ್ಲ. ದೇವಿಗೆ ಮುಡಿಪಾದ ಜೋಗತಿಯರು. ಕಾಳವ್ವ ಜೋಗತಿ ಎಂಬ ಹಿರಿಯರು ಅವರನ್ನು ಶಿಷ್ಯೆಯಾಗಿ ತೆಗೆದುಕೊಂಡರು, ತಲೆಯ ಮೇಲೆ ಕೊಡ ಹೊತ್ತು ಕುಣಿಯುವ ಜೋಗತಿ ನೃತ್ಯದಲ್ಲಿ ಪಳಗಿಸಿದರು. ಬೇಡುತ್ತಿದ್ದ ಕೈಗೆ ಒಂದು ವಿದ್ಯೆ ಸಿಕ್ಕಿತು, ಅಲೆಯುತ್ತಿದ್ದ ಕಾಲಿಗೆ ಒಂದು ತಾಳ ಸಿಕ್ಕಿತು. 2019ರಲ್ಲಿ ಮಂಜಮ್ಮನವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. ಆ ಪೀಠದಲ್ಲಿ ಕುಳಿತ ಮೊದಲ ಲಿಂಗತ್ವ ಅಲ್ಪಸಂಖ್ಯಾತರು ಅವರೇ. 2021ರ ನವೆಂಬರಿನಲ್ಲಿ ಪದ್ಮಶ್ರೀ ಸ್ವೀಕರಿಸಲು ಹೋದಾಗ, ಸೆರಗು ಹಿಡಿದು ರಾಷ್ಟ್ರಪತಿಗಳಿಗೇ ದೃಷ್ಟಿ ತೆಗೆದರು. ನಿಮ್ಮಲ್ಲಿ ಬಹುಮಂದಿ ಅದನ್ನು ಟೀವಿಯಲ್ಲಿ ನೋಡಿದ್ದೀರಿ. ತನ್ನನ್ನು ಅಪಶಕುನವೆಂದು ನೋಡಿದ ಲೋಕದ ಮುಂದೆ, ದೇಶದ ಮೊದಲ ಪ್ರಜೆಗೆ ಕೆಟ್ಟ ಕಣ್ಣು ತಾಗದಿರಲಿ ಎಂದು ಹರಸಿದ ತಾಯಿ ಆಕೆ.

ಹುಲಿಗೆಮ್ಮನ ಕಥೆ ಪ್ರಸಂಗಪೀಠದಿಂದ ಏಕೆ ಎಂದು ಕೆಲವರು ಕುರ್ಚಿಯಲ್ಲಿ ಅತ್ತಿತ್ತ ಸರಿಯುತ್ತಿರುವುದು ನನಗೆ ಕಾಣುತ್ತದೆ. ಯೆರಿಕೋವಿನ ದಾರಿಯಲ್ಲಿ ಬಿದ್ದವನನ್ನು ಯಾಜಕನು ದಾಟಿಹೋದ, ಲೇವಿಯನು ದಾಟಿಹೋದ, ಎತ್ತಿ ಕತ್ತೆಯ ಮೇಲೆ ಕೂರಿಸಿದವನು ಸಮಾರ್ಯದವನು ಎಂದು ನಮ್ಮ ಕರ್ತನೇ ಹೇಳಿದ್ದಾನಲ್ಲ! ಕೇಳಿದವರು ಆ ದಿನವೂ ಹೀಗೆಯೇ ಸರಿದಾಡಿರಬೇಕು. ಕೃಪೆ ನಮ್ಮ ಬಾಗಿಲಲ್ಲಿ ಅಪ್ಪಣೆಗಾಗಿ ಕಾಯುವುದಿಲ್ಲ, ಪ್ರಿಯರೇ. ನಾವು ಮುಚ್ಚಿದ ಕಡೆ ಅದು ಬೇರೆ ಬಾಗಿಲು ತೆರೆದುಕೊಳ್ಳುತ್ತದೆ. ನಾವು ತಳ್ಳಿದವರನ್ನು ಅದು ಬೇರೆ ಕೈಗಳಿಂದ ಹಿಡಿದುಕೊಳ್ಳುತ್ತದೆ. ಬೆಂಗಳೂರಿನಲ್ಲಿ ಮಂಗಳಮುಖಿಯರು ನಡೆಸುವ ಸ್ನಾನದ ಮನೆಗಳಾದ ಹಮಾಮುಗಳಲ್ಲಿ ಮನೆಬಿಟ್ಟ ಮಕ್ಕಳಿಗೆ ಗುರುಗಳು ಅಮ್ಮನಾಗಿ ನಿಂತಿದ್ದಾರೆ. ನಮ್ಮ ಮೈಸೂರಿನಲ್ಲೇ ಆಶೋದಯ ಸಮಿತಿಯಂಥ ಸಂಘವನ್ನು ಊರು ಹೆಸರು ಹಿಡಿದು ಕರೆಯಲೂ ನಾಚುವ ಜನರು ತಾವೇ ಕಟ್ಟಿಕೊಂಡು, ಒಬ್ಬರ ಕೈಯನ್ನು ಒಬ್ಬರು ಹಿಡಿದಿದ್ದಾರೆ. ಅಲ್ಲೆಲ್ಲ ದೇವದೂತರೇ ಇದ್ದಾರೆಂದು ನಾನು ಹೇಳುವುದಿಲ್ಲ. ಗುರು ಚೇಲಾಗಳ ನಡುವೆಯೂ ಸಾಲವಿದೆ, ಹೊಡೆತವಿದೆ, ದುಡಿಮೆಯನ್ನು ಕಿತ್ತುಕೊಳ್ಳುವುದಿದೆ. ಪಾಪವು ಬಡವರ ಮನೆಯನ್ನೂ ಬಿಟ್ಟಿಲ್ಲ. ಆದರೂ ಕೆಸರಿನಿಂದ ಎತ್ತುವಾಗ ಹಗ್ಗದ ಜೊತೆ ಬಟ್ಟೆಯನ್ನೂ ಇಳಿಬಿಟ್ಟವರು ಅವರೇ.

ಹಾಗಾದರೆ ಪಾಪ ಎಲ್ಲಿದೆ? ಈ ಪ್ರಶ್ನೆಯನ್ನು ತಪ್ಪಿಸಿಕೊಳ್ಳುವುದು ಬೇಡ, ಏಕೆಂದರೆ ಪಾಪ ನಿಜ, ನ್ಯಾಯತೀರ್ಪು ನಿಜ, ರಕ್ತ ಸುರಿಸಿ ಕೊಂಡ ಬಿಡುಗಡೆಯೂ ನಿಜ. ದೇವರು ಗಂಡು ಹೆಣ್ಣಾಗಿ ಸೃಷ್ಟಿಸಿದನಲ್ಲ, ಅಯ್ಯನವರೇ, ಇದೇನು ಹೊಸದು ಎಂದು ಕೇಳುವವರಿದ್ದಾರೆ. ಮತ್ತಾಯನ ಸುವಾರ್ತೆಯ 19ನೆಯ ಅಧ್ಯಾಯಕ್ಕೆ ಬನ್ನಿ. ಗಂಡು ಹೆಣ್ಣಿನ ಸೃಷ್ಟಿಯನ್ನು ನೆನಪಿಸಿದ ಅದೇ ಬಾಯಿ, ಅದೇ ಸಂಭಾಷಣೆಯಲ್ಲಿ, ತಾಯಿಯ ಹೊಟ್ಟೆಯಿಂದಲೇ ನಪುಂಸಕರಾಗಿ ಬಂದವರಿದ್ದಾರೆ, ಮನುಷ್ಯರಿಂದ ಹಾಗಾದವರಿದ್ದಾರೆ, ಪರಲೋಕ ರಾಜ್ಯಕ್ಕಾಗಿ ಹಾಗಾದವರಿದ್ದಾರೆ ಎಂದೂ ಹೇಳಿತು. ಕರ್ತನು ಅವರನ್ನು ಬಲ್ಲ. ಬೈಯಲಿಲ್ಲ, ಬಿಡಿಸುತ್ತೇನೆಂದು ಕೈಯಿಡಲಿಲ್ಲ, ಅವರಿದ್ದಾರೆ ಎಂದ. ಅಂದಿನ ಕಂಚುಕಿಯೂ ಇಂದಿನ ಮಂಗಳಮುಖಿಯೂ ಒಂದೇ ಎಂದು ನಾನು ವಾದಿಸುವುದಿಲ್ಲ. ಪಂಡಿತರು ಅದನ್ನು ನೋಡಿಕೊಳ್ಳಲಿ. ಆದರೆ ಹೊಸ್ತಿಲಿನ ಹೊರಗೆ ನಿಲ್ಲಿಸಿದ್ದು ಇಬ್ಬರನ್ನೂ. ಆ ಹೊಸ್ತಿಲನ್ನು ದೇವರೇ ಕಿತ್ತುಹಾಕಿದ್ದಾನೆ. ಧರ್ಮೋಪದೇಶಕಾಂಡ ಹೊರಗಿಟ್ಟವನಿಗೆ ಯೆಶಾಯನ 56ನೆಯ ಅಧ್ಯಾಯದಲ್ಲಿ ದೇವರು ತನ್ನ ಆಲಯದೊಳಗೇ ಜಾಗ ಕೊಡುತ್ತಾನೆ, ಗಂಡುಮಕ್ಕಳು ಹೆಣ್ಣುಮಕ್ಕಳಿಗಿಂತ ಮಿಗಿಲಾದ ಹೆಸರನ್ನು ಕೊಡುವೆನೆಂದು ಮಾತುಕೊಡುತ್ತಾನೆ. ಗಾಜದ ದಾರಿಯಲ್ಲಿ ರಾಣಿ ಕಂದಾಕೆಯ ಕಂಚುಕಿ, ನೀರು ಕಂಡೊಡನೆ, ನನಗೆ ದೀಕ್ಷಾಸ್ನಾನಕ್ಕೆ ಅಡ್ಡಿಯೇನಿದೆ ಎಂದು ಕೇಳಿದಾಗ, ಫಿಲಿಪ್ಪನು ಸಮಿತಿಯ ಸಭೆ ಕರೆಯಲಿಲ್ಲ. ರಥದಿಂದಿಳಿದು ನೀರಿಗೆ ನಡೆದ. ಈ ಮಕ್ಕಳೂ ಪಾಪಿಗಳೇ, ನಿಮ್ಮಷ್ಟು, ನನ್ನಷ್ಟು. ಅವರಿಗೂ ಪಶ್ಚಾತ್ತಾಪ ಬೇಕು, ನಮಗೆ ಬೇಕಾದದ್ದಕ್ಕೇ. ತಾವು ಯಾರಾಗಿದ್ದೇವೆ ಎಂದು ಹೇಳಿದ್ದಕ್ಕಲ್ಲ. ಮಗುವನ್ನು ಬೀದಿಗಟ್ಟಿದ್ದು ಪಾಪ. ದೇವರ ಹೆಸರಿನಲ್ಲಿ ಬೀದಿಗಟ್ಟಿದ್ದು ಆ ಹೆಸರನ್ನು ಅಯೋಗ್ಯವಾಗಿ ಎತ್ತಿದ ಪಾಪ. ನಡುರಸ್ತೆಯ ಸಿಗ್ನಲಿನಲ್ಲಿ ಚಪ್ಪಾಳೆ ತಟ್ಟುವವರನ್ನು ಕಂಡು ಕಾರಿನ ಗಾಜು ಏರಿಸುವ ನಾವು, ಅವರನ್ನು ಅಲ್ಲಿಗೆ ತಂದು ನಿಲ್ಲಿಸಿದವರು ಯಾರೆಂದು ಕೇಳದೆ ಇರುವುದೂ ಪಾಪವೇ.

ಕಾನೂನು ಎಷ್ಟೋ ಮುಂದೆ ನಡೆದಿದೆ. ತಾನು ಗಂಡೋ ಹೆಣ್ಣೋ ಎರಡೂ ಅಲ್ಲವೋ ಎಂಬುದನ್ನು ಹೇಳಿಕೊಳ್ಳುವ ಹಕ್ಕು ಆ ವ್ಯಕ್ತಿಗೇ ಸೇರಿದ್ದೆಂದು ಸುಪ್ರೀಂ ಕೋರ್ಟ್ 2014ರ ಏಪ್ರಿಲಿನಲ್ಲಿ ಹೇಳಿತು. 2021ರಲ್ಲಿ ನಮ್ಮ ರಾಜ್ಯವು ಸರ್ಕಾರಿ ನೇಮಕಾತಿಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇಕಡ 1ರಷ್ಟು ಮೀಸಲಾತಿ ಕೊಟ್ಟಿತು; ದೇಶದಲ್ಲಿ ಮೊದಲು ಹಾಗೆ ಮಾಡಿದ್ದು ಕರ್ನಾಟಕವೇ. ಸಂಗಮ ಎಂಬ ಸಂಘ ಹೈಕೋರ್ಟಿಗೆ ಹೋಗಿ ಬಾಗಿಲು ತಟ್ಟಿದ್ದರಿಂದ ಅದು ಆಯಿತು. ವಿಧಾನಸೌಧದ ಬಾಗಿಲು ಒಂದಿಷ್ಟು ತೆರೆದಿರುವಾಗ ದೇವಾಲಯದ ಬಾಗಿಲು ಮುಚ್ಚಿರುವುದು ನಮಗೆ ನಾಚಿಕೆಯಲ್ಲವೇ?

ಆದರೆ ಸಹೋದರ ಸಹೋದರಿಯರೇ, ಬದುಕು ತಿರುಗುವುದು ಕೋರ್ಟಿನಲ್ಲಿ ಅಲ್ಲ, ಮನೆಯ ಅಡುಗೆಕೋಣೆಯಲ್ಲಿ. ತಾಯಂದಿರಾ, ನಿಮ್ಮ ಮಗು ನಡುಗುತ್ತ ಬಂದು ತಾನು ಯಾರೆಂದು ಹೇಳಿದ ದಿನ ನಿಮ್ಮ ಬಾಯಿಂದ ಮೊದಲು ಏನು ಬರುತ್ತದೋ ಅದನ್ನು ಅದು ಸಾಯುವವರೆಗೂ ಮರೆಯುವುದಿಲ್ಲ. ಅರ್ಥವಾಗದಿದ್ದರೆ ಅರ್ಥವಾಗಲಿಲ್ಲವೆಂದೇ ಹೇಳಿ, ಅಳು ಬಂದರೆ ಅಳಿ, ಆದರೆ ತಟ್ಟೆಗೆ ಅನ್ನ ಬಡಿಸಿ. ತಂದೆಯರೇ, ದೆವ್ವ ಬಿಡಿಸುವ ಪ್ರಾರ್ಥನೆಗೆಂದು ಮಗುವನ್ನು ಊರೂರು ಎಳೆಯಬೇಡಿ. ಹಿಡಿದಿರುವುದು ದೆವ್ವವಲ್ಲ, ನಿಮ್ಮ ಭಯ. ಇದನ್ನು ರೋಗವೆಂದು ಹೇಳಿ ಬದಲಾಯಿಸುವ ಚಿಕಿತ್ಸೆ ಮಾಡುವುದು ವೈದ್ಯರ ದುರ್ನಡತೆಯೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ. ರಾತ್ರಿ ಹೊತ್ತಿನಲ್ಲಿ ಸಾವಿನ ಯೋಚನೆ ಬರುತ್ತಿರುವ ಮಕ್ಕಳೇ, ನೀವು ಈ ಆಲಯದಲ್ಲೇ ಎಲ್ಲೋ ಹಿಂದಿನ ಸಾಲಿನಲ್ಲಿ ಕುಳಿತಿದ್ದರೆ ಕೇಳಿಸಿಕೊಳ್ಳಿ: ಸರ್ಕಾರದ ಮಾನಸಿಕ ನೆರವಿನ ದೂರವಾಣಿ ಟೆಲಿ ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲಿ ಕರೆ ಮಾಡಿದರೂ ಕನ್ನಡದಲ್ಲೇ ಮಾತಾಡುವವರು ಸಿಗುತ್ತಾರೆ. ಸಭಾಪಾಲಕರ ಮನೆಯ ಬಾಗಿಲನ್ನು ತಟ್ಟಬಹುದು, ನಡುರಾತ್ರಿಯಾದರೂ ಸರಿ. ನಿನ್ನನ್ನು ಗರ್ಭದಲ್ಲಿ ರೂಪಿಸಿದ ಕೈ ತಪ್ಪು ಮಾಡಿ ಆಮೇಲೆ ಮುಖ ತಿರುಗಿಸುವ ಕೈಯಲ್ಲ.

ಬದಲಾಗಬೇಕಾದವರು ನಾವು, ಬದಲಾಗಬಲ್ಲವರೂ ನಾವೇ. ಕೃಪೆಯೆಂದರೆ ಅದೇ ಅಲ್ಲವೇ, ನಿನ್ನೆಯ ಕಲ್ಲೆದೆ ಇಂದು ಕರಗಬಹುದೆಂಬ ಭರವಸೆ! ಸೌಲನು ಹಿಂಸಕನಾಗಿ ಹೊರಟು ಪೌಲನಾಗಿ ಬಂದ. ದಮಸ್ಕದ ದಾರಿಯಲ್ಲಿ ನಡೆದದ್ದು ದಟ್ಟಗಳ್ಳಿಯ ದಾರಿಯಲ್ಲೂ ನಡೆದೀತು. ಆದಕಾರಣ ಬರುವ ಭಾನುವಾರಕ್ಕೆ ಕಾಯದೆ ಈ ವಾರವೇ ಕೆಲಸಕ್ಕೆ ಕೈಹಾಕಿ. ಲಿಂಗತ್ವ ಅಲ್ಪಸಂಖ್ಯಾತರನ್ನು ಅವರು ಹೇಳಿದ ಹೆಸರಿನಿಂದಲೇ ಕರೆಯಿರಿ. ಸೀರೆಯುಟ್ಟು ಬಂದ ಸಹೋದರಿ ಹೆಂಗಸರ ಸಾಲಿನಲ್ಲಿ ಕುಳಿತರೆ ಸರಿದು ಜಾಗ ಕೊಡಿ, ಸ್ತ್ರೀಯರ ಕೂಟಕ್ಕೆ ಕರೆಯಿರಿ, ಪಾಟ್‌ಲಕ್ ಊಟದ ದಿನ ಅವರ ಕೈಯಡುಗೆಯನ್ನೂ ಬಡಿಸಿಕೊಂಡು ಉಣ್ಣಿ. ಅಂಗಡಿಯಿದ್ದವರು ಕೆಲಸ ಕೊಡಿ, ಕಂಪ್ಯೂಟರ್ ಬಲ್ಲವರು ಗುರುತಿನ ಚೀಟಿಯ ಅರ್ಜಿ ತುಂಬಿಕೊಡಿ, ವಕೀಲರು ಠಾಣೆಗೆ ಜೊತೆ ಹೋಗಿ. ಇನ್ನು ನಮ್ಮ ಸಭೆಯಲ್ಲಿ ಮನೆ ಕಟ್ಟಿಸಿ ಮೇಲಿನ ಮಹಡಿಯನ್ನು ಬಾಡಿಗೆಗೆ ಬಿಟ್ಟವರು ಹಲವರಿದ್ದೀರಿ. ಸಸ್ಯಾಹಾರಿಗಳಿಗೆ ಮಾತ್ರ, ಸಂಸಾರಸ್ಥರಿಗೆ ಮಾತ್ರ ಎಂಬ ಬೋರ್ಡುಗಳ ಈ ಊರಿನಲ್ಲಿ, ಅಡ್ವಾನ್ಸು ಕೈಯಲ್ಲಿ ಹಿಡಿದು ಬಾಗಿಲಿಂದ ಬಾಗಿಲಿಗೆ ಅಲೆದು ಬರಿಗೈಯಲ್ಲಿ ಮರಳುವ ಮಂಗಳಮುಖಿಯರು ನಿಮ್ಮ ಗೇಟಿನ ಮುಂದೆಯೂ ಒಂದು ದಿನ ಬಂದು ನಿಲ್ಲುತ್ತಾರೆ. ಅಕ್ಕಪಕ್ಕದವರು ಏನನ್ನುತ್ತಾರೋ ಎಂಬ ಅಂಜಿಕೆ ನಿಮಗಿರುತ್ತದೆ, ಅದು ಸಣ್ಣ ಅಂಜಿಕೆಯೂ ಅಲ್ಲ. ಅರಸನ ಮುಂದೆ ಹೋಗಿ ನಿಂತಾಗ ಎಬೆದ್ಮೆಲೆಕನಿಗೂ ಅಂಜಿಕೆಯಿತ್ತು. ಅವನು ಹೆದರುತ್ತಿದ್ದನೆಂದು ಮುಂದಿನ ಅಧ್ಯಾಯದಲ್ಲಿ ದೇವರೇ ಹೇಳುತ್ತಾನೆ. ಅಂಜಿಕೊಂಡೇ ಗೇಟು ತೆಗೆಯಿರಿ, ಮನೆ ತೋರಿಸಿ, ಬೇರೆಯವರಿಗೆ ಹೇಳುವ ಬಾಡಿಗೆಯನ್ನೇ ಅವರಿಗೂ ಹೇಳಿ.

ಈಗ ಎಲ್ಲರೂ ಎದ್ದು ನಿಂತು ಪಾಪನಿವೇದನೆಯ ಪ್ರಾರ್ಥನೆಯಲ್ಲಿ ಸೇರೋಣ.